ಒಟಿಎಫ್‌ಡಿ ಅಂದರೇನು? ಕೈಪಿಡಿ ಹೇಳಬೇಕೆ?

ಜೊಯಿಡಾ ತಾಲ್ಲೂಕಿನ ಅಣಶಿಯಂಥ ಊರಲ್ಲಿ ಅರಣ್ಯ ಹಕ್ಕಿನ ಅರ್ಜಿ ಎಂದರೆ ಇಂಗ್ಲಿಷ್ ಅಕ್ಷರಗಳ ಸಂತೆ: ಎಫ್‌ಆರ್‌ಎ, ಎಫ್‌ಆರ್‌ಸಿ, ಎಸ್‌ಡಿಎಲ್‌ಸಿ, ಒಟಿಎಫ್‌ಡಿ. ಇಂಥ ಅರ್ಜಿಯ ತಂತ್ರಾಂಶಕ್ಕೆ ಕೈಪಿಡಿ ಬರೆಯುವವರು ಇವನ್ನೆಲ್ಲ ಬಿಡಿಸಿ ಬರೆಯಬೇಕೆ?

ಪರ

ಬರೆಯಲೇಬೇಕು. ಒಟಿಎಫ್‌ಡಿ ಎಂದರೆ ಇತರ ಪಾರಂಪರಿಕ ಅರಣ್ಯವಾಸಿ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಜೊಯಿಡಾದ ಕುಣಬಿಗಳು ಬಹುಕಾಲದಿಂದ ಕೇಳುತ್ತಿದ್ದಾರೆ. ಪಟ್ಟಿಗೆ ಸೇರುವ ತನಕ 2006ರ ಅರಣ್ಯ ಹಕ್ಕು ಕಾಯ್ದೆಯ (ಎಫ್‌ಆರ್‌ಎ) ಲೆಕ್ಕದಲ್ಲಿ ಅವರು ಈ ಗುಂಪಿನವರೇ. ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ಸಾಕು. ಇವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಯಾವ ಖಾನೆಗೆ ಗುರುತು ಹಾಕುತ್ತಿದ್ದೇನೆಂದು ತಿಳಿಯದೆ ಹಾಕುವುದಾದರೂ ಹೇಗೆ?

ಸಿಎಫ್‌ಆರ್ ಇನ್ನೂ ತೊಡಕಿನದು. ಕೆಲವರು ಅದನ್ನು ಸಮುದಾಯದ ಅರಣ್ಯ ಹಕ್ಕಿಗೆ, ಅಂದರೆ ಕಿರು ಉತ್ಪನ್ನ, ದನ ಮೇಯಿಸುವುದು ಇತ್ಯಾದಿಗೆ ಬಳಸುತ್ತಾರೆ. ಕೆಲವರಿಗೆ ಅದು ಸಮುದಾಯ ಅರಣ್ಯ ಸಂಪನ್ಮೂಲ, ಕಾಡನ್ನು ಊರೇ ಕಾಯ್ದು ನಿರ್ವಹಿಸುವ ಹಕ್ಕು. ಮೊದಲನೆಯದಕ್ಕೆ ನಮೂನೆ ಬಿ, ಎರಡನೆಯದಕ್ಕೆ 2012ರ ತಿದ್ದುಪಡಿಯಲ್ಲಿ ಬಂದ ನಮೂನೆ ಸಿ. ಡಿಎಲ್‌ಸಿಯೂ ಹಾಗೆಯೇ: ಇಲ್ಲಿ ಜಿಲ್ಲಾ ಮಟ್ಟದ ಸಮಿತಿ, ಪಿಂಚಣಿದಾರರಿಗೆ ಡಿಜಿಟಲ್ ಜೀವಂತ ಪ್ರಮಾಣಪತ್ರ.

ವಿರೋಧ

ಸಿಎಫ್‌ಆರ್ ಮಾತು ಒಪ್ಪೋಣ. ಎರಡರ್ಥ ಇರುವಲ್ಲಿ ಬಿಡಿಸದೆ ಗತಿಯಿಲ್ಲ. ಆದರೆ ಎಲ್ಲವನ್ನೂ ಬಿಡಿಸಿ ಎನ್ನುವುದು ಬರೆಯುವವರ ಸಮಾಧಾನಕ್ಕೆ ಹುಟ್ಟಿದ ನಿಯಮ. ಆರ್‌ಟಿಸಿಯನ್ನು ‘ರೆಕಾರ್ಡ್ ಆಫ್ ರೈಟ್ಸ್, ಟೆನನ್ಸಿ ಅಂಡ್ ಕ್ರಾಪ್ಸ್’ ಎಂದು ಬರೆದರೆ ಯಾರಿಗೆ ಏನು ತಿಳಿಯಿತು? ನಾಡಕಚೇರಿಯ ಕಿಟಕಿಯಲ್ಲಿ ಜನ ಕೇಳುವುದು ಪಹಣಿ, ಇಲ್ಲವೇ ಆರ್‌ಟಿಸಿ. ಪಿಡಿಎಫ್, ಸಿಮ್ ಎಂದರೇನೆಂದು ಬಿಡಿಸಿ ಹೇಳಲು ಕಂಪ್ಯೂಟರ್ ಆಪರೇಟರೂ ತಡವರಿಸಿಯಾರು. ಅದರಿಂದ ಯಾರ ಕೆಲಸವೂ ನಿಂತಿಲ್ಲ.

ಪರದೆಯ ಮೇಲೆ ‘ಎಸ್‌ಡಿಎಲ್‌ಸಿ’ ಎಂದಿದ್ದು ಕೈಪಿಡಿಯಲ್ಲಿ ಬರೀ ‘ಉಪವಿಭಾಗ ಮಟ್ಟದ ಸಮಿತಿ’ ಎಂದಿದ್ದರೆ ಗೊಂದಲವೇ ಹೆಚ್ಚು. ಮೊದಲ ಸಲ ಬಿಡಿಸಿ, ಆಮೇಲೆ ಮೊಟಕು ಬಳಸಿ ಎಂಬುದು ಅಚ್ಚಿನ ಪುಸ್ತಕಕ್ಕೆ ಸರಿ. ಫೋನಿನಲ್ಲಿ ಹುಡುಕಿ ನೇರ ನಡುವಿನ ಪುಟಕ್ಕೆ ಬಂದವರಿಗೆ ಆ ‘ಮೊದಲ ಸಲ’ ಕಾಣುವುದೇ ಇಲ್ಲ.

ಅಷ್ಟಕ್ಕೂ, 75 ವರ್ಷದ ಷರತ್ತು ‘ಇತರ ಪಾರಂಪರಿಕ ಅರಣ್ಯವಾಸಿ’ ಎಂಬ ಪೂರ್ತಿ ಹೆಸರಿನಲ್ಲಾದರೂ ಎಲ್ಲಿದೆ? ಹೆಸರು ಬಿಡಿಸುವ ಬದಲು ಆ ಖಾನೆಯ ಪಕ್ಕದಲ್ಲೇ ಹೇಳಿ: ಮೂರು ತಲೆಮಾರಿನ ವಾಸಕ್ಕೆ ಪುರಾವೆ ಬೇಕು, ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆಸಿಕೊಂಡರೆ ಅದೂ ಒಂದು ಪುರಾವೆಯಾಗುತ್ತದೆ.