ಮೂರನೇ ಮಾಳಗಿಯಿಂದ ಇಳಿಬಿಟ್ಟ ವೈರು

ಈ ಸಲ ಮಾವಿನಕಾಯಿ ತೊಕ್ಕಿನ ಬಗ್ಗೆ ಬರೀತೀನಿ ಅಂದಿದ್ದೆ. ಸಿಟ್ಟಾಗಬ್ಯಾಡ್ರಿ, ಅದು ಮುಂದಿನ ವಾರ. ಸದ್ಯಕ್ಕ ತಲ್ಯಾಗ ಬರೇ ಪ್ಲಗ್ಗು, ವೈರು, ಮೀಟರು ತುಂಬ್ಯಾವ.

ನಮ್ಮ ಸೊಸಿ ದೀಪಾವಳಿಗೆ ಕರೆಂಟ್ ಸ್ಕೂಟರ್ ತೊಗೊಂಡಿದ್ದು ನಿಮಗ ಗೊತ್ತೇ ಅದ, ಆರತಿ ಮಾಡಿದ ಫೋಟೋ ನಾನೇ ಎಲ್ಲಾರಿಗೂ ಕಳಿಸಿದ್ದೆ. ಅಕಿ ನೌಕರಿ ಧಾರವಾಡದಾಗ, ಮನಿ ಹುಬ್ಬಳ್ಯಾಗ. ಹೋಗಿ ಬರೋದು ಹಿಡದು ದಿನಾ 40-45 ಕಿಲೋಮೀಟರ್ ಆಗ್ತದ. ಹಳೇ ಗಾಡಿಗೆ ದಿನಕ್ಕ ಒಂದು ಲೀಟರ್ ಪೆಟ್ರೋಲ್, ಅಂದ್ರ 100 ರೂಪಾಯಿ ಮ್ಯಾಲೇ. ಈ ಗಾಡಿಗೆ ಅಷ್ಟೇ ದೂರಕ್ಕ ಹೆಚ್ಚುಕಮ್ಮಿ 2 ಯುನಿಟ್ ಸಾಕು. ಯುನಿಟ್ಟಿಗೆ 7 ರೂಪಾಯಿ ಅಂತ ಹಿಡದ್ರೂ 14 ರೂಪಾಯಿ. ತಿಂಗಳಿಗೆ 25 ದಿನ ಲೆಕ್ಕಾ ಹಾಕ್ರಿ: 2,500 ಹೋಗೋ ಜಾಗಾದಾಗ 350. ಮೊಮ್ಮಗಳ ಶಾಳಿ ವ್ಯಾನಿನ ರೊಕ್ಕ ಇದರಾಗೇ ಹೊಂಟದ ಅಂದ್ರ ನನಗ ಎಷ್ಟು ಸಮಾಧಾನ ನೋಡ್ರಿ.

ಆದರ ಗಾಡಿ ಬಂದ ಮರುದಿನಾನೇ ಅಸೋಸಿಯೇಶನ್‌ನವರು, ಪಾರ್ಕಿಂಗ್‌ನಾಗಿನ ಪ್ಲಗ್ಗಿಗೆ ಹಚ್ಚಬ್ಯಾಡ್ರಿ, ಅದು ಎಲ್ಲಾರ ಕರೆಂಟು ಅಂದ್ರು. ಅದು ಖರೇನೇ. ನನ್ನ ಗಾಡಿ ಬಿಲ್ಲು ಕೆಳಗಿನ ಮನಿ ಮಾಂಶಿ ಯಾಕ ಕೊಡಬೇಕು? ಹಂಗಾದ್ರ ನಮ್ಮ ಮೀಟರಿನಿಂದ ನಾವೇ ಒಂದು ಪ್ಲಗ್ಗು ಹಾಕ್ಸಿಕೊಳ್ತೀವಿ ಅಂದ್ವಿ. ಅದಕ್ಕೂ ಬ್ಯಾಡ ಅಂದ್ರು. ಬ್ಯಾಟರಿ ಬಿಚ್ಚಿ ಮ್ಯಾಲೆ ಒಯ್ಯೋಣ ಅಂದ್ರ ಈ ಗಾಡಿದು ಬಿಚ್ಚಲಿಕ್ಕೆ ಬರಂಗಿಲ್ಲ.

ಆಮ್ಯಾಲೆ ನಾವು ಮಾಡಿದ್ದು ತಪ್ಪು, ಒಪ್ಪಿಕೊಳ್ತೀನಿ. ಮೂರನೇ ಮಾಳಗಿ ಬಾಲ್ಕನಿಯಿಂದ ಎಕ್ಸ್‌ಟೆನ್ಶನ್ ವೈರು ಇಳಿಬಿಟ್ವಿ. ಒಂಬತ್ತು ದಿನ ನಡೀತು. ಹತ್ತನೇ ದಿನ ರಾತ್ರಿ ಸುಟ್ಟ ವಾಸನಿ ಬಂತು, ನಾನು ಹಾಲು ಹೊತ್ತೇದ ಅಂತ ಒಲಿ ಕಡೆ ಓಡಿದೆ. ನೋಡಿದ್ರ ಎಕ್ಸ್‌ಟೆನ್ಶನ್ ಡಬ್ಬಿ ಕರಗಿ ಕಂದು ಆಗಿತ್ತು. ಬಾಜೂಕ ಒಣಾ ಹಾಕಿದ ಸೀರಿ ಇತ್ತು. ಈಗ ನೆನಸಿಕೊಂಡ್ರೂ ಎದಿ ಝಲ್ ಅಂತದ.

ಆ ರಾತ್ರಿ ನನಗ ತಿಳದದ್ದು ಏನಂದ್ರ, ಪ್ಲಗ್ಗು ಕೊಡಂಗಿಲ್ಲ ಅಂದ್ರ ಮಂದಿ ಚಾರ್ಜ್ ಮಾಡೋದು ನಿಲ್ಲಂಗಿಲ್ಲ. ಕದ್ದು ಮಾಡ್ತಾರ, ಕೆಟ್ಟ ವೈರಿನಾಗ ಮಾಡ್ತಾರ. ಬೆಂಕಿ ಭಯಾ ಅಂತ ಬ್ಯಾಡ ಅಂದವರೇ ಬೆಂಕಿಗೆ ದಾರಿ ಮಾಡಿಕೊಟ್ಟಂಗ ಆತು.

ನಮ್ಮ ಸ್ಕೂಟರಿನ ಚಾರ್ಜರ್ ಮ್ಯಾಲೆ 750 ವ್ಯಾಟ್ ಅಂತ ಬರದದ. ನನ್ನ ಮಿಕ್ಸರ್ ಮ್ಯಾಲೂ ಅಷ್ಟೇ ಬರದದ! ಗೀಜರ್ 2,000 ವ್ಯಾಟ್. ಮುಂಝಾನೆ ಆರಕ್ಕ ನಮ್ಮ 24 ಮನ್ಯಾಗ ಗೀಜರ್ ಒಮ್ಮೆಗೇ ಹಚ್ತೀವಿ, ಯಾರೂ ಅಸೋಸಿಯೇಶನ್ ಪರವಾನಿಗಿ ಕೇಳಂಗಿಲ್ಲ. ಗಾಡಿ ಅರ ರಾತ್ರಿ ಹನ್ನೊಂದರ ಮ್ಯಾಲೆ, ಲಿಫ್ಟು ಪಂಪು ಸುಮ್ಮನಿದ್ದಾಗ, ಮೂರು ತಾಸು ಹಚ್ಚಿದ್ರ ಮುಗೀತು. ಕಾರಿಗೂ ಮನಿಯೊಳಗಿನ 15 ಆಂಪಿಯರ್ ಪ್ಲಗ್ಗೇ ಸಾಕು, ರಾತ್ರಿ ಪೂರ್ತಿ ಬೇಕಾಗ್ತದ ಅಷ್ಟೇ.

ಮೀಟಿಂಗಿನಾಗ ಒಬ್ಬರು, ಎಲ್ಲಾರೂ ರೊಕ್ಕ ಹಾಕಿ ಒಂದು ದೊಡ್ಡ ಫಾಸ್ಟ್ ಚಾರ್ಜರ್ ತರೋಣ ಅಂದ್ರು. ಒಂದು ಕಪ್ಪು ಚಹಾಕ್ಕ ಮದಿವಿ ಮನಿ ಒಲಿ ಹಚ್ಚಿಧಂಗ. ಅದು ಹೈವೇದಾಗ ಇರಲಿ, ಅಲ್ಲಿ ಮಂದಿಗೆ ಅವಸರ ಇರ್ತದ. ಮನ್ಯಾಗ ಗಾಡಿ ರಾತ್ರಿಯೆಲ್ಲಾ ಸುಮ್ಮನ ನಿಂತಿರ್ತದ, ಅದಕ್ಕೇನು ಅವಸರ? ಸರಕಾರಕ್ಕೂ ಇದು ಗೊತ್ತದ. 2021ರಾಗ ಸ್ಕೂಟರ್, ಆಟೋಗಳಿಗಂತ 3 ಕಿಲೋವ್ಯಾಟ್ ತನಕದ ಸೋವಿ ಚಾರ್ಜಿಂಗ್ ಪಾಯಿಂಟಿಗೆ ಒಂದು ಮಾನಕ ತಂದಾರ, ಅದರ ಬೆಲಿ 3,500 ರೂಪಾಯಿ ಒಳಗ ಇರಬೇಕು ಅನ್ನೋ ಗುರಿ ಇಟಗೊಂಡು. 2022ರ ಕೇಂದ್ರದ ಮಾರ್ಗಸೂಚಿಯೊಳಗ, ಮನಿಗೆ ಇದ್ದ ಕನೆಕ್ಶನ್‌ನಿಂದನೇ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಅದ. 2024ರಾಗ ನಿಯಮಾ ತಿದ್ದಿ, ಗಾಡಿಗಂತನೇ ಬ್ಯಾರೆ ಕನೆಕ್ಶನ್ ಕೇಳಬಹುದು ಅಂತನೂ ಮಾಡ್ಯಾರ.

ಬ್ಯಾರೆ ಕನೆಕ್ಶನ್ ಯಾಕ ಅಂತೀರೇನು? ಗೃಹಜ್ಯೋತಿ ಇದ್ದವರು ಕೇಳ್ರಿ. ನಮ್ಮ ಮನಿ ಸರಾಸರಿ 140 ಯುನಿಟ್, ಅದರ ಮ್ಯಾಲೆ ನೂರಕ್ಕ ಹತ್ತು ಸೇರಿಸಿ 154ರ ತನಕ ಪುಕ್ಕಟ. ಗಾಡಿದು 50 ಸೇರಿದ್ರ 190. ಹೆಚ್ಚಿಗಿದ್ದಷ್ಟಕ್ಕ ಬಿಲ್ಲು ಕೊಡೋಣ, ಬಿಡ್ರಿ. ಆದರ ಬ್ಯಾಸಿಗಿಯೊಳಗ ಫ್ಯಾನು ಕೂಲರು ಸೇರಿ 200 ದಾಟಿತು ಅಂದ್ರ ಪೂರಾ ಬಿಲ್ಲು ತುಂಬಬೇಕು. ಇಂಥಾ ಲೆಕ್ಕಾ ಗಂಡಸರ ತಲ್ಯಾಗ ಬರಂಗಿಲ್ಲ, ಮೀಟರ್ ನೋಡೋರು ನಾವಲ್ಲೇನು!

ಇನ್ನೊಂದು ಮಜಾ ಕೇಳ್ರಿ. ಎಲೆಕ್ಟ್ರಿಶಿಯನ್‌ನ ಕರದು ಕೇಳಿದೆ. ಅಂವಾ ನಕ್ಕೊಂತ, "ಅಮ್ಮಾರ, ನಿಮ್ಮೆಲ್ಲಾರ ಮೀಟರ್ ಪಾರ್ಕಿಂಗ್‌ನಾಗೇ ಲಿಫ್ಟಿನ ಬಾಜೂಕ ಅದಾವಲ್ರಿ" ಅಂದ. ಅಂದ್ರ ಕರೆಂಟು ಮೂರು ಮಾಳಗಿ ಏರಿ, ನಮ್ಮ ಮನಿ ಹೊಕ್ಕು, ಮತ್ತ ಬಾಲ್ಕನಿಯಿಂದ ಕೆಳಗ ಇಳೀತಿತ್ತು! ಮೀಟರಿನಿಂದ ಗಾಡಿ ಜಾಗಾಕ್ಕ 20 ಮೀಟರ್ ಸುದ್ದಾ ಇಲ್ಲ. ಪೈಪಿನಾಗ ದಪ್ಪ ವೈರು, ಬ್ಯಾರೆ ಎಮ್‌ಸಿಬಿ, ಕರೆಂಟು ಸೋರಿದ್ರ ಬಂದ್ ಆಗೋ ಸ್ವಿಚ್ಚು, ಅರ್ಥಿಂಗು, ಕೀಲಿ ಹಾಕೋ ಡಬ್ಬಿ, ಎಲ್ಲಾ ಸೇರಿ 7,000 ರೂಪಾಯಿ ಹೇಳ್ಯಾನ. ನಾವೇ ಕೊಡ್ತೀವಿ.

ತಳಮಜಲಿ ಅಜ್ಜಾರ ಮಾತು ಮಾತ್ರ ನಾ ತಳ್ಳಿ ಹಾಕಂಗಿಲ್ಲ. ಅವರ ಮಲಗೋ ಖೋಲಿ ಕಿಡಕಿ ಪಾರ್ಕಿಂಗಿಗೇ ತೆರೀತದ. ಬ್ಯಾಟರಿ ಸುಟ್ಟ ವಿಡಿಯೋ ನೋಡಿ ಅವರಿಗೆ ನಿದ್ದಿ ಬರಂಗಿಲ್ಲಂತ. ಅದಕ್ಕ ಪ್ಲಗ್ಗು ಅವರ ಕಿಡಕಿಯಿಂದ ದೂರ ಕಂಪೌಂಡ್ ಗ್ವಾಡಿಗೆ ಇರಲಿ, ಕಂಪನಿ ಕೊಟ್ಟ ಚಾರ್ಜರ್ ಬಿಟ್ಟು ಬ್ಯಾರೆ ಹಚ್ಚಬಾರದು, ಓಡಿಸಿ ಬಂದ ಬಿಸಿ ಗಾಡಿಗೆ ಲಗೇಚ ಚಾರ್ಜಿಗೆ ಹಾಕಬಾರದು ಅಂತ ಬರದು ಸಹಿ ಮಾಡಿಕೊಡಲಿಕ್ಕೆ ನಮ್ಮ ಸೊಸಿ ತಯಾರಿದ್ದಾಳ. ಅಜ್ಜಾರು, "ಬರದು ಕೊಡವ್ವಾ, ನೋಡೋಣ" ಅಂದಾರ. ಅವರ ಮನಸ್ಸು ಅರ್ಧಾ ಒಲದಂಗ ಕಾಣಸ್ತದ.

ಸದ್ಯ ಅಕಿ ಧಾರವಾಡದಾಗ ತವರುಮನಿಗೆ ಹೋಗಿ ಚಾರ್ಜ್ ಮಾಡಿಕೊಂಡು ಬರ್ತಾಳ. ರಾತ್ರಿ ಒಂಬತ್ತಾಗ್ತದ. ಅಷ್ಟೊತ್ತಿಗೆ ಕೂಸು ಮಲಗಿರ್ತದ.

ಮೀಟಿಂಗ್ ಬರೋ ರವಿವಾರ ಹನ್ನೊಂದಕ್ಕ, ಟೆರೇಸ್ ಮ್ಯಾಲೆ. ಎರಡನೇ ಮಾಳಗಿ ವೈನಿ, ಎದುರುಮನಿ ಕಾಕು, ನೀವೂ ಬರ್ರಿ. ಪ್ರತಿಸಲ ಗಂಡಸರನ್ನಷ್ಟೇ ಕಳಿಸಿ ಮನ್ಯಾಗ ಕೂಡ್ತೀವಿ. ಅಡಿಗಿ ಲಗೂ ಮುಗಿಸ್ರಿ, ಚಹಾ ನಮ್ಮನ್ಯಾಗ.