ಗಡಿಕಲ್ಲು ಪ್ರಾಣಕ್ಕಿಂತ ದೊಡ್ಡದೇ?

ಗಡಿನಾಡಿನ ಕನ್ನಡ ಬಾಂಧವರೇ,

ಹೃದಯ ಬಡಿಯುವುದು ನಿಂತರೆ ನಾಲ್ಕೈದು ನಿಮಿಷಗಳಲ್ಲಿ ಮಿದುಳು ಕೆಡತೊಡಗುತ್ತದೆ. ಬಿದ್ದವನು ಯಾವ ರಾಜ್ಯದವನೆಂದು ಸಾವು ವಿಚಾರಿಸುವುದಿಲ್ಲ. ವಿಚಾರಿಸುವವರು ಅಧಿಕಾರದಲ್ಲಿ ಕುಳಿತವರು.

2020ರ ಮಾರ್ಚ್ ತಿಂಗಳನ್ನು ನೆನೆಯಿರಿ. ಕೋವಿಡ್ ಹರಡದಂತೆ ತಡೆಯಲೆಂದು ಕರ್ನಾಟಕ ಸರ್ಕಾರವು ಕಾಸರಗೋಡಿನ ಕಡೆಯ ರಸ್ತೆಗಳನ್ನು ಮುಚ್ಚಿತು. ಕೆಲವೆಡೆ ಮಣ್ಣಿನ ರಾಶಿಯನ್ನೇ ಸುರಿಯಿಸಿತು. ಮಂಜೇಶ್ವರ ಸೀಮೆಯ ರೋಗಿಗಳು ಬಹುಕಾಲದಿಂದ ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದವರು. ಆ ದಿನಗಳಲ್ಲಿ ತಲಪಾಡಿಯಲ್ಲಿ ಆಂಬುಲೆನ್ಸುಗಳಿಗೇ ಅಡ್ಡಿಯಾಯಿತು. ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಹಲವರು ತೀರಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿತು. ಏಪ್ರಿಲ್ 7ರಂದು, ರೋಗಿಗಳ ಸಾಗಾಟಕ್ಕೆ ನಿಯಮಗಳು ಒಪ್ಪಿತವಾಗಿವೆಯೆಂದು ಸುಪ್ರೀಂ ಕೋರ್ಟಿಗೆ ತಿಳಿಸಲಾಯಿತು.

"ಅದು ಪಿಡುಗಿನ ಕಾಲ, ಬೇರೆ ದಾರಿಯಿರಲಿಲ್ಲ" ಎನ್ನುವವರಿದ್ದಾರೆ. ಏಪ್ರಿಲಿನಲ್ಲಿ ಸಾಧ್ಯವಾದ ವ್ಯವಸ್ಥೆ ಮಾರ್ಚಿಯಲ್ಲೇಕೆ ಅಸಾಧ್ಯವಾಯಿತು? ನಮ್ಮ ದಾರಿಗೆ ಮಣ್ಣು ಸುರಿಯಿಸಿದುದು ತಾಯ್ನಾಡೆಂದು ನಾವು ಕೈಮುಗಿಯುವ ನಾಡಿನ ಸರ್ಕಾರವೇ. ಈ ಸತ್ಯವನ್ನು ನುಂಗಿಕೊಂಡು ಅಭಿಮಾನದ ಭಾಷಣ ಮಾಡುವುದು ಆತ್ಮವಂಚನೆ.

ಗಡಿಯ ಈಚೆಯ ಸರ್ಕಾರಗಳೂ ನಿರ್ದೋಷಿಗಳಲ್ಲ. 108 ಎಂಬ ಸಂಖ್ಯೆ ಕಾಸರಗೋಡು, ತಾಳವಾಡಿ, ಜತ್ತ, ಮಡಕಶಿರಾಗಳಿಗೆಲ್ಲ ಒಂದೇ. ಕರೆಗೆ ಉತ್ತರಿಸುವ ಕೇಂದ್ರ ಮಾತ್ರ ಆಯಾ ರಾಜ್ಯದ್ದು. ಆಂಬುಲೆನ್ಸು ಬರುವ ತನಕ ಪ್ರಾಣ ಹಿಡಿದಿಡುವ ಕ್ರಮವನ್ನು ದೂರವಾಣಿಯಲ್ಲೇ ಹೇಳಿಕೊಡಬಹುದು: ಉಸಿರು ನಿಂತ ವಯಸ್ಕನ ಎದೆಯ ನಡುವೆ ಎರಡೂ ಕೈಗಳಿಂದ, ಐದು ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಈ ಮಾತನ್ನು ಕನ್ನಡವೊಂದನ್ನೇ ಬಲ್ಲ ಮುದುಕಿಗೆ ಅರಿಯದ ಭಾಷೆಯಲ್ಲಿ ಹೇಳಿದರೆ ಫಲವೇನು? ಗಂಡನ ಎದೆಯ ಮೇಲೆ ಕೈಯಿಡಬೇಕಾದವಳು ಫೋನು ಹಿಡಿದು ಅಳುತ್ತ ನಿಲ್ಲಬೇಕೇ?

ಆದ್ದರಿಂದ ನಮ್ಮ ಬೇಡಿಕೆಗಳು ಮೂರು:

1. ಯಾವ ಕಾಲದಲ್ಲಿಯೂ ಯಾವ ಕಾರಣಕ್ಕೂ ಗಡಿಯಲ್ಲಿ ಆಂಬುಲೆನ್ಸನ್ನು ತಡೆಯಬಾರದು. ರೋಗಿಯನ್ನು ಹತ್ತಿರದ ತಕ್ಕ ಆಸ್ಪತ್ರೆಗೆ, ಅದು ಯಾವ ರಾಜ್ಯದ್ದಾದರೂ, ಒಯ್ಯಬೇಕು.
2. ಗಡಿ ತಾಲ್ಲೂಕುಗಳ ಕರೆಗಳಿಗೆ ಕನ್ನಡ ಬಲ್ಲವರು ಉತ್ತರಿಸಬೇಕು.
3. ಪ್ರತಿ ಕನ್ನಡ ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯನ್ನು ಕನ್ನಡದಲ್ಲೇ ಕಲಿಸಬೇಕು.

ಇದು ಯಾರ ಮುಂದೆಯೂ ಒಡ್ಡುವ ಭಿಕ್ಷಾಪಾತ್ರೆಯಲ್ಲ. ಪ್ರಾಣರಕ್ಷಣೆಯೇ ಮೊದಲು, ಕಾನೂನಿನ ವಿಧಿವಿಧಾನಗಳು ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ವೈದ್ಯರಿಗೆ ವಿಧಿಸಿದೆ. ಆ ಧರ್ಮ ಗಡಿ ಕಾಯುವವರಿಗೆ ಅನ್ವಯಿಸದೇ? ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಮಗಿತ್ತಿದೆ.

ಸರ್ಕಾರಗಳು ಕಣ್ಣು ತೆರೆಯುವ ತನಕ ನಾವು ಕೈಕಟ್ಟಿ ಕೂರುವುದೂ ತರವಲ್ಲ. ಹಾವು ಕಚ್ಚಿದಾಗ ಹಗ್ಗ ಬಿಗಿಯುವುದನ್ನೂ ಗಾಯ ಕೊಯ್ಯುವುದನ್ನೂ ಬಿಡಿರಿ; ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಿರಿ. ಊರಿಗೆ ಹತ್ತು ತರುಣ ತರುಣಿಯರಾದರೂ ಎದೆಯೊತ್ತುವ ವಿದ್ಯೆಯನ್ನು ಕಲಿಯಲಿ.

ಬಾಂಧವರೇ, ಮುಂದಿನ ಗ್ರಾಮಸಭೆಯಲ್ಲಿ ಈ ಮೂರು ಬೇಡಿಕೆಗಳನ್ನು ನಿರ್ಣಯವಾಗಿ ಅಂಗೀಕರಿಸಿರಿ. ಅಹವಾಲನ್ನು ಕನ್ನಡದಲ್ಲೇ ಬರೆದು ಎರಡೂ ರಾಜ್ಯಗಳ ಸರ್ಕಾರಗಳಿಗೆ ಕಳುಹಿಸಿರಿ. ಇನ್ನೊಂದು ತಲಪಾಡಿ ನಡೆಯದಿರಲಿ.