ಬೀಜ ಯಾರ ಮನೆಯಲ್ಲಿ ಇರಬೇಕು?



ರೈತ ದೇಶದ ಬೆನ್ನೆಲುಬು ಎಂದು ನಾವು ಪ್ರತಿ ಪ್ರಬಂಧದಲ್ಲೂ ಬರೆಯುತ್ತೇವೆ. ಅದಕ್ಕೆ ಅಂಕಗಳೂ ಬೀಳುತ್ತವೆ. ಆದರೆ ಮಿರಗ ಮಳೆ ಬಿದ್ದ ಕೂಡಲೇ ಆ ಬೆನ್ನೆಲುಬು ಬೀಜದ ಅಂಗಡಿ ಮುಂದೆ ಪಾಳಿ ಹಚ್ಚಿ ನಿಲ್ಲೋದನ್ನ ಯಾರೂ ಬರೆಯುವುದಿಲ್ಲ. ನಾನು ಇವತ್ತು ಆ ಪಾಳಿಯ ಬಗ್ಗೆ ನನ್ನ ಅಭಿಪ್ರಾಯ ಬರೆಯುತ್ತೇನೆ.

ನಮ್ಮ ಹಾವೇರಿ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಗೋವಿನಜೋಳ. ಅದು ಹೈಬ್ರಿಡ್. ಹೈಬ್ರಿಡ್ ಅಂದ್ರ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಬೀಜ. ಮೊದಲನೇ ವರ್ಷ ಬೆಳೆ ಎತ್ತರಕ್ಕೆ, ಒಂದೇ ಸಮ, ದಪ್ಪ ತೆನೆ ಬಿಡುತ್ತದೆ. ಅದೇ ತೆನೆಯ ಕಾಳು ಮರುವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ತೆನೆಯೂ ಸಣ್ಣದು. ಆದ್ದರಿಂದ ಪ್ರತಿ ವರ್ಷ ಚೀಲ ಕೊಳ್ಳಲೇಬೇಕು. ಇದರಲ್ಲಿ ಒಂದು ತಮಾಷೆ ಇದೆ. ನಮ್ಮದೇ ಜಿಲ್ಲೆಯ ರಾಣೇಬೆನ್ನೂರು ಕಡೆ ರೈತರೇ ಹೊಲದಾಗ ಕುಂತು ಒಂದೊಂದು ಹೂವಿಗೆ ಕೈಯಿಂದ ಪರಾಗ ಹಚ್ಚಿ ಹೈಬ್ರಿಡ್ ಬೀಜ ಮಾಡಿಕೊಡುತ್ತಾರೆ. ಅದು ಕಂಪನಿಗೆ ಹೋಗಿ, ಬಣ್ಣದ ಪಾಕೀಟು ಹಾಕಿಕೊಂಡು, ಮತ್ತೆ ರೈತರ ಹತ್ತಿರ ಬರುತ್ತದೆ. ಕೈ ನಮ್ಮದು, ಮಣ್ಣು ನಮ್ಮದು, ಬೆಲೆ ಮಾತ್ರ ಪಾಕೀಟಿನ ಮೇಲೆ ಅಚ್ಚಾಗಿರುತ್ತದೆ.

ಒಂದು ವರ್ಷ ನಮ್ಮ ಹೊಲದಾಗ ಕೊಂಡು ತಂದ ಬೀಜ ಅರ್ಧಕ್ಕರ್ಧ ಹುಟ್ಟಲಿಲ್ಲ. ಅಪ್ಪ ಚೀಲ ಹಿಡಿದುಕೊಂಡು ಹೋಗಿ ಕೇಳಿದರೆ "ಮಳಿ ಸರಿ ಆಗಿಲ್ಲ, ನೀವು ಆಳ ಬಿತ್ತೀರಿ" ಎಂದರಂತೆ. ಎರಡನೇ ಸಲ ಸಾಲ ಮಾಡಿ ತಂದು ಬಿತ್ತಿದೆವು. ಆಗ ಅಜ್ಜಿ ಏನೂ ಮಾತಾಡಲಿಲ್ಲ. ಅವಳ ಗಡಿಗಿಯೊಳಗೆ ಬೂದಿ ಮತ್ತು ಬೇವಿನ ಸೊಪ್ಪು ಬೆರೆಸಿ ಇಟ್ಟ ತೊಗರಿ, ಹೆಸರು, ನವಣಿ ಬೀಜ ಇದ್ದವು. ಅವು ಮಾತ್ರ ಬದುವಿನ ಗುಂಟ ಹುಟ್ಟಿದವು. ಆದರೆ ಅವು ಇದ್ದದ್ದೇ ನಾಲ್ಕು ಸೇರು, ಇಡೀ ಹೊಲಕ್ಕೆ ಎಲ್ಲಿ ಸಾಲಬೇಕು?

ಹಾಗಂತ ಗೋವಿನಜೋಳ ಬಿಡ್ರಿ ಅಂತ ನಾನು ಹೇಳುವುದಿಲ್ಲ. ಅದರ ರೊಕ್ಕದಿಂದಲೇ ನನ್ನ ಪಾಟಿಚೀಲ ಬಂದಿದೆ. ಭಾಷಣ ಮಾಡುವವರು "ಹಿಂದಿನವರು ಸಿರಿಧಾನ್ಯ ತಿಂದು ಗಟ್ಟಿಯಾಗಿದ್ದರು, ನೀವೂ ಬೆಳೆಯಿರಿ" ಎಂದು ಸಲೀಸಾಗಿ ಹೇಳಿ ಹೋಗುತ್ತಾರೆ. ಸಾವಿ ಯಾಕೆ ಹೋಯಿತು ಎಂದು ಅಜ್ಜಿಯನ್ನು ಕೇಳಿದರೆ ಅವಳು ಮಳೆ ಅನ್ನಲಿಲ್ಲ, ಬೆಲೆ ಅನ್ನಲಿಲ್ಲ. "ಕುಟ್ಟಿ ಕುಟ್ಟಿ ರಟ್ಟಿ ಬಿದ್ದು ಹೋಗ್ತಿದ್ದವು" ಅಂದಳು. ಸಾವಿ ಕಾಳು ಸಣ್ಣದು, ಸಿಪ್ಪೆ ಬಲು ಬಿರುಸು. ಭತ್ತದ ಗಿರಣಿಯಲ್ಲಿ ಅದು ಸರಿಯಾಗಿ ಅಕ್ಕಿಯಾಗುವುದಿಲ್ಲ. ಒನಕೆಯಿಂದ ಕುಟ್ಟಬೇಕು, ಕೇರಬೇಕು, ಮತ್ತೆ ಕುಟ್ಟಬೇಕು. ಅದನ್ನೆಲ್ಲ ಮಾಡಿದವರು ಹೆಣ್ಣುಮಕ್ಕಳು. ಅಕ್ಕಿ ಅಗ್ಗಕ್ಕೆ ಸಿಕ್ಕ ಮೇಲೆ ಅವರು ಒನಕೆ ಮೂಲೆಗೆ ಇಟ್ಟರು. ಇಟ್ಟಿದ್ದು ತಪ್ಪು ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಒಂದು ದಿನ ಒನಕೆ ಕೊಡಬೇಕು.

ಆದರೆ ಇದಕ್ಕೆ ಉಪಾಯ ಇದೆ, ಅದು ಬಹಳ ದೂರವೂ ಇಲ್ಲ. ನಮ್ಮ ಪಕ್ಕದ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಇದೆ. 2018ರಲ್ಲಿ ಶುರುವಾದದ್ದು. ಅಲ್ಲಿಯ ಹೆಣ್ಣುಮಕ್ಕಳು ಸಹಜ ಸಮೃದ್ಧ ಸಂಸ್ಥೆಯ ನೆರವಿನಿಂದ ಸಮುದಾಯ ಬೀಜ ಬ್ಯಾಂಕ್ ಮಾಡಿದರು. ಬೀಜ ಬ್ಯಾಂಕಿನ ಲೆಕ್ಕ ರೊಕ್ಕದ ಬ್ಯಾಂಕಿನಂತೆಯೇ: ಬಿತ್ತುವಾಗ ಬೀಜ ಒಯ್ಯಬೇಕು, ರಾಶಿಯಾದ ಮೇಲೆ ಒಯ್ದದ್ದಕ್ಕಿಂತ ಹೆಚ್ಚು ತಿರುಗಿ ಕೊಡಬೇಕು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸಿರಿಧಾನ್ಯದ ಸಿಪ್ಪೆ ತೆಗೆಯುವ, ಸೂರ್ಯನ ಶಕ್ತಿಯಿಂದ ನಡೆಯುವ ಯಂತ್ರ ಹಾಕಿದರು. ಒನಕೆಯ ಕಷ್ಟ ಹೋಯಿತು, ಸಾವಿ ತಿರುಗಿ ಹೊಲಕ್ಕೆ ಬಂತು. 2025ರ ಆಗಸ್ಟ್ ತಿಂಗಳಿನಲ್ಲಿ ವಿಶ್ವಸಂಸ್ಥೆಯ ಯುಎನ್‌ಡಿಪಿಯವರು ಈ ಸಂಘಕ್ಕೆ ಈಕ್ವೇಟರ್ ಪ್ರಶಸ್ತಿ ಕೊಟ್ಟರು. ಆ ವರ್ಷ ಇಡೀ ಜಗತ್ತಿನಲ್ಲಿ ಆರಿಸಿದ್ದು 10 ಗುಂಪುಗಳನ್ನು, ಭಾರತದಿಂದ ಇದೊಂದೇ. ನನಗೆ ಪ್ರಶಸ್ತಿಗಿಂತ ಯಂತ್ರದ ಸುದ್ದಿಯೇ ಹೆಚ್ಚು ಖುಷಿ ಕೊಟ್ಟಿತು. ಬೀಜ ಉಳಿಯಬೇಕಾದರೆ ಅದರ ಕಾಳನ್ನು ಯಾರಾದರೂ ತಿನ್ನಬೇಕು, ತಿನ್ನಬೇಕಾದರೆ ಅಡುಗೆ ಮಾಡುವವರ ರಟ್ಟೆ ಉಳಿಯಬೇಕು. ಬೀಜದ ಸಭೆಗಳಲ್ಲಿ ಈ ಮಾತು ಮೊದಲು ಬರಬೇಕಿತ್ತು.

ಎಲ್ಲರೂ ಒಂದೇ ಬೆಳೆ ಬೆಳೆದರೆ ಏನಾಗುತ್ತದೆ? ಐರ್ಲೆಂಡ್ ದೇಶದ ಬಡವರು ಹೆಚ್ಚಾಗಿ ಒಂದೇ ಜಾತಿಯ ಆಲೂಗಡ್ಡೆ ಬೆಳೆದು ಅದನ್ನೇ ತಿನ್ನುತ್ತಿದ್ದರು. 1845ರಲ್ಲಿ ಅಂಗಮಾರಿ ರೋಗ ಬಂದು ಗಡ್ಡೆಗಳು ನೆಲದಲ್ಲೇ ಕೊಳೆತವು. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ನಮ್ಮಲ್ಲಿ 2018ರಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲೇ ಮೊದಲು ಕರ್ನಾಟಕದಲ್ಲಿ ಕಾಣಿಸಿತು. ಅದು ಹಿಡಿದದ್ದು ಗೋವಿನಜೋಳವನ್ನೇ. ಇನ್ನು ಬ್ಯಾಡಗಿ ಮೆಣಸಿನಕಾಯಿ ನೋಡಿರಿ. ಡಬ್ಬಿ ಮತ್ತು ಕಡ್ಡಿ, ಸುಕ್ಕು ಸುಕ್ಕಾದ ಕೆಂಪು ಕಾಯಿ, ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಆದರೆ ಮುಟುರು ರೋಗದಿಂದ ಬೇಸತ್ತು ನಮ್ಮ ಭಾಗದ ಎಷ್ಟೋ ರೈತರು ಅದನ್ನು ಬಿಟ್ಟರು. ಈಗ ಬ್ಯಾಡಗಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದ ಲಾರಿಗಟ್ಟಲೆ ಕಾಯಿ ಬರುತ್ತವೆ. ಹೆಸರು ಊರಲ್ಲೇ ಇದ್ದು ಬೀಜ ಊರು ಬಿಟ್ಟು ಹೋದರೆ ಹೇಗೆ?

ನಮ್ಮ ಶಿಗ್ಗಾಂವಿ ತಾಲೂಕಿನವರು ಈ ವಿಷಯದಲ್ಲಿ ಸುಮ್ಮನಿರಬಾರದು ಎನ್ನಲು ಇನ್ನೊಂದು ಕಾರಣವಿದೆ. ಕನಕದಾಸರು ಹುಟ್ಟಿದ ಬಾಡ ನಮ್ಮ ತಾಲೂಕಿನಲ್ಲೇ ಇದೆ. ಅವರ ರಾಮಧಾನ್ಯ ಚರಿತೆಯಲ್ಲಿ ನೆಲ್ಲಿಗೂ ರಾಗಿಗೂ ಜಗಳ ಹತ್ತುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಹೊರಗೆ ತೆಗೆದಾಗ ನೆಲ್ಲು ಸೊರಗಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ. ಬಡವರ ಕಾಳಿನ ಪರವಾಗಿ ನಮ್ಮ ಮಣ್ಣಿನವರು ಆಗಲೇ ವಾದ ಮಾಡಿ ಗೆದ್ದಿದ್ದಾರೆ. (ಆದರೆ ಪಾಪ, ಭತ್ತವನ್ನೂ ಬಿಡಬಾರದು. ಕೂರಿಗೆಯಿಂದ ಬಿತ್ತುವ ಅಂತರಸಾಲಿಯಂಥ ಭತ್ತಗಳೂ ಈಗ ಬಡವರೇ ಆಗಿವೆ!)

"ನಾರ್ವೆ ದೇಶದಾಗ ಹಿಮದ ಗುಡ್ಡದೊಳಗೆ 2008ರಿಂದ ಜಗತ್ತಿನ ಬೀಜ ಎಲ್ಲಾ ಇಡಾಕತ್ತಾರಂತ, ಮತ್ತ ನಮಗ್ಯಾಕ ಚಿಂತಿ?" ಎಂದು ನನ್ನ ಗೆಳತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಹಿಮದೊಳಗಿನ ಬೀಜ ಮಲಗಿರುತ್ತದೆ. ಈ ವರ್ಷ ಮಳೆ ತಡವಾದದ್ದು, ಹುಳು ಬಂದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಹೊಲದಲ್ಲಿ ಬಿತ್ತಿದ ಬೀಜ ಪ್ರತಿ ವರ್ಷ ನಮ್ಮ ಮಳೆ ನೋಡುತ್ತದೆ, ತಡೆದುಕೊಂಡ ಗಿಡದ ತೆನೆಯನ್ನೇ ರೈತ ಆರಿಸಿ ಇಡುತ್ತಾನೆ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಗನಿ ಖಾನ್ ಅವರು ನೂರಾರು ಜಾತಿಯ ಭತ್ತವನ್ನು ಬಾಟಲಿಯಲ್ಲಿ ಮುಚ್ಚಿಟ್ಟು ಸುಮ್ಮನಾಗಿಲ್ಲ, ತಮ್ಮ ಹೊಲದಲ್ಲಿ ಬಿತ್ತಿ ಬೆಳೆದು ಉಳಿಸಿದ್ದಾರೆ. ಕಾನೂನು ಕೂಡ ರೈತರ ಕಡೆಗೇ ಇದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರ ಪ್ರಕಾರ ರೈತ ತನ್ನ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಕಂಪನಿಯ ಮುದ್ರೆಯ ಬ್ರ್ಯಾಂಡ್ ಬೀಜವೆಂದು ಮಾರಬಾರದು ಅಷ್ಟೇ.

ಈಗ ನನ್ನ ಬೇಡಿಕೆ. ಗೋವಿನಜೋಳದ ಹೊಲದಲ್ಲಿ ಎರಡೇ ಎರಡು ಸಾಲು ಬಿಡಲು ನಮ್ಮ ನಮ್ಮ ಅಪ್ಪಂದಿರನ್ನು ಕೇಳೋಣ. ಪೂರ್ತಿ ಹೊಲ ಕೇಳಿದರೆ ಬೈಗುಳ ಸಿಗುತ್ತದೆ, ಎರಡು ಸಾಲಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗೇ ಹೋಗುತ್ತೇವೆ. ಅಂದು ರೋಗವಿಲ್ಲದ ಒಳ್ಳೆಯ ಗಿಡ ನೋಡಿ ಅದಕ್ಕೆ ದಾರ ಕಟ್ಟಿ ಬರೋಣ, ರಾಶಿಯಾದ ಮೇಲೆ ಆರಿಸಲು ಹೋದರೆ ಗಿಡ ಹೇಗಿತ್ತೆಂದು ಗೊತ್ತಾಗುವುದಿಲ್ಲ. ಸುಗ್ಗಿಯಾದ ಮೇಲೆ ತಲಾ ಒಂದು ಬೊಗಸೆ ಬೀಜವನ್ನು ಶಾಲೆಗೆ ತರೋಣ. ಜೊತೆಗೆ ಒಂದು ಚೀಟಿ: ಬೀಜದ ಹೆಸರು, ಯಾರ ಮನೆಯದು, ಯಾವ ಮಳೆಗೆ ಬಿತ್ತುತ್ತಾರೆ, ಅದರಿಂದ ಏನು ಅಡುಗೆ ಮಾಡುತ್ತಾರೆ. ಅಡುಗೆಯ ಹೆಸರು ಮರೆಯಬೇಡಿರಿ, ಅದನ್ನು ಅಜ್ಜಿಯರನ್ನೇ ಕೇಳಬೇಕು, ಬೇಗ ಕೇಳಬೇಕು.

ಗುರುಗಳಲ್ಲಿ ಒಂದು ವಿನಂತಿ. ಶಾಲೆಯ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುವುದು 2024ರಲ್ಲಿ ಶುರುವಾಯಿತಲ್ಲ, ಅದೇ ರೀತಿ ತಿಂಗಳಿಗೆ ಒಂದು ಸಲ ಬಿಸಿಯೂಟಕ್ಕೆ ಸಾವಿ ಅನ್ನ ಮಾಡಿಸಬಹುದೇ? ಸಿಪ್ಪೆ ತೆಗೆಸಲು ಕುಂದಗೋಳ ತಾಲೂಕಿನವರೆಗೆ ಚೀಲ ಕಳಿಸಿದರೂ ಆದೀತು.

ಉಳ್ಳಾಗಡ್ಡಿ ಬೀಜ ಇದ್ದವರು ಮೊದಲು ಹೇಳಿರಿ, ಅದು ಒಂದೆರಡು ವರ್ಷದಲ್ಲೇ ಹುಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಡಬ್ಬಿ, ಬೂದಿ, ಬೇವಿನ ಸೊಪ್ಪು ನಾನು ತರುತ್ತೇನೆ. ಕಪಾಟಿನ ಕೀಲಿ ಗುರುಗಳ ಹತ್ತಿರ ಇದೆ.

— ಏಳನೆಯ ತರಗತಿಯ ವಿದ್ಯಾರ್ಥಿನಿ, ಹಿರೇಬೆಂಡಿಗೇರಿ